ಆರನೇ ಗಂಟೆಯ ರಕ್ತ

ಫೆಬ್ರವರಿ 9

ಅಪ್ಪಾ,

ಮೊನ್ನೆ ಫೋನಿನಲ್ಲಿ ನಾನು ಹೇಳಿದ್ದಕ್ಕೆಲ್ಲ ನೀನು ಹೂಂ ಹೂಂ ಅಂದೆ. ಕೊನೆಗೆ ಊಟ ಆಯಿತಾ ಎಂದು ಕೇಳಿದೆ. ಒಂದಕ್ಷರವೂ ನಿನಗೆ ಕೇಳಿಸಿಲ್ಲವೆಂದು ಆಗ ಗೊತ್ತಾಯಿತು. ಮೂವತ್ತೊಂದು ವರ್ಷ ಪತ್ರಿಕೆಯ ಮುದ್ರಣ ಯಂತ್ರದ ಪಕ್ಕ ನಿಂತವನ ಕಿವಿಗೆ ಇಷ್ಟು ದೊಡ್ಡ ಸುದ್ದಿಯನ್ನು ಫೋನಿನಲ್ಲಿ ತುಂಬಲು ಹೊರಟದ್ದು ನನ್ನ ತಪ್ಪು. ಅದಕ್ಕೇ ಬರೆಯುತ್ತಿದ್ದೇನೆ.

ಹೃದಯದ ಆಪರೇಷನ್ ಮಾಡುವಾಗ ಹೃದಯವನ್ನು ನಿಲ್ಲಿಸಿ, ರಕ್ತವನ್ನು ಒಂದು ಯಂತ್ರದ ಮೂಲಕ ಹಾಯಿಸುತ್ತಾರೆ. ಪ್ಲಾಸ್ಟಿಕ್ ಕೊಳವೆಗಳನ್ನೆಲ್ಲ ಸುತ್ತಿ ಬಂದ ರಕ್ತವನ್ನು ಕಂಡು ಮೈ ಸಿಟ್ಟಾಗುತ್ತದೆ. ಅದಕ್ಕೆ ನಾವು ಉರಿಯೂತ ಎನ್ನುತ್ತೇವೆ. ಹೆಚ್ಚಿನವರಲ್ಲಿ ಆ ಸಿಟ್ಟು ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ಏರುತ್ತಲೇ ಹೋಗಿ ಬಿಪಿ ಕುಸಿಯುತ್ತದೆ, ಶ್ವಾಸಕೋಶ ಸೋಲುತ್ತದೆ, ಕಿಡ್ನಿ ಕೈಕೊಡುತ್ತದೆ. ನಾವು ಮಾಮೂಲಿಯಾಗಿ ಮಾಡಿಸುವ ರಕ್ತಪರೀಕ್ಷೆ ಇದನ್ನು ಹೇಳುವುದು ಎರಡನೇ ದಿನವೋ ಮೂರನೇ ದಿನವೋ. ಅಷ್ಟರಲ್ಲಿ ರೋಗಿಯ ಮುಖವೇ ಹೇಳಿರುತ್ತದೆ.

ಎರಡು ವರ್ಷದ ಹಿಂದೆ ಟೈಲರ್ ಹೆಂಗಸೊಬ್ಬರಿದ್ದರು. ಆಪರೇಷನ್ ಆದ ಮರುದಿನ ಬೆಳಿಗ್ಗೆ ನನ್ನ ಬಿಳಿ ಕೋಟಿನ ತೋಳು ಹಿಡಿದು ನೋಡಿ, "ಇದನ್ನ ಯಾರಮ್ಮ ಹೊಲಿದಿದ್ದು? ಬಿಚ್ಚಿ ಕೊಡು, ಸರಿ ಮಾಡ್ತೀನಿ" ಅಂದರು. ಅವರ ರಿಪೋರ್ಟುಗಳೆಲ್ಲ ಚೆನ್ನಾಗಿದ್ದವು. ಮೂರನೇ ದಿನ ಸಂಜೆ ಹೋಗಿಬಿಟ್ಟರು. ನಾನು ಈ ಕೆಲಸಕ್ಕೆ ಕೈ ಹಾಕಿದ್ದು ಅವರಿಂದ.

ನಾವು ಹುಡುಕಿದ್ದು ಮೊದಲೇ ಏಳುವ ಸೂಚಕವನ್ನು. ರಕ್ತದಲ್ಲಿರುವ ಆ ವಸ್ತು ಆಪರೇಷನ್ ಮುಗಿದ ಆರನೇ ಗಂಟೆಯ ಸುಮಾರಿಗೆ ತುದಿ ಮುಟ್ಟಿರುತ್ತದೆ. ಒಪ್ಪಿಗೆ ಕೊಟ್ಟ ನೂರಿಪ್ಪತ್ತು ರೋಗಿಗಳ ರಕ್ತ ತೆಗೆದೆವು. ಅವರಲ್ಲಿ ಇಪ್ಪತ್ತು ಜನರಿಗೆ ತೊಂದರೆಯಾಯಿತು. ಆ ಇಪ್ಪತ್ತರಲ್ಲಿ ಹದಿನೆಂಟು ಜನರನ್ನು ಆರನೇ ಗಂಟೆಯ ರಕ್ತ ಮುಂಚೆಯೇ ತೋರಿಸಿತ್ತು. ಹತ್ತಕ್ಕೆ ಒಂಬತ್ತು, ಅಪ್ಪಾ. ಒಂದು ಪೂರ್ತಿ ದಿನ ಮುಂಚೆ.

ನಮ್ಮ ಮುಖ್ಯ ಸರ್ಜನ್ನರನ್ನು ಇಲ್ಲಿ ಎಲ್ಲರೂ ದೊಡ್ಡವರು ಎನ್ನುತ್ತಾರೆ. ಹೊಗಳುವುದರಲ್ಲಿ ಬಹಳ ಬಿಗಿ. ಅಂಕಿಗಳನ್ನು ಎರಡು ಸಲ ನೋಡಿ, ಲೇಖಕರ ಪಟ್ಟಿಯಲ್ಲಿ ನಿನ್ನ ಹೆಸರು ಮೊದಲಿರಲಿ, ನನ್ನದು ಕೊನೆಗೆ ಸಾಕು ಎಂದರು. ಜೂನ್‌ನ ಸಮ್ಮೇಳನದಲ್ಲಿ ಇದನ್ನು ನಾನೇ ಓದಬೇಕು.

ಇಷ್ಟನ್ನೂ ಅಮ್ಮನಿಗೆ ಓದಿ ಹೇಳು.

ನಿನ್ನ ಮಗಳು


ಫೆಬ್ರವರಿ 20

ಮಗಳೇ,

ನಿನ್ನ ಪತ್ರವನ್ನು ನಾಲ್ಕು ಸಲ ಮನೆಯಲ್ಲಿ ಓದಿದೆ. ಐದನೇ ಸಲ ಯಂತ್ರ ವಿಭಾಗದ ಟೀ ಟೇಬಲ್ಲಿನ ಮುಂದೆ ಗಟ್ಟಿಯಾಗಿ ಓದಿದೆ. ನಮ್ಮಲ್ಲಿ ಎಲ್ಲರೂ ಮಾತಾಡುವಷ್ಟೇ ಗಟ್ಟಿ. ಆದರೂ ಪಕ್ಕದ ಕಟ್ಟಡದ ಜಾಹೀರಾತು ವಿಭಾಗದವರು ಏನಾಯಿತೆಂದು ನೋಡಲು ಬಂದರು. ಬಂದವರಿಗೆ ಇನ್ನೊಮ್ಮೆ ಓದಿದೆ.

ಇಂಕು ನೋಡಿಕೊಳ್ಳುವ ನಮ್ಮ ಮಸಿಯಣ್ಣ ನಿನಗೆ ನೆನಪಿರಬೇಕು. ಅವನು, "ನಿನ್ನ ಮಗಳು ನಾಳೆ ಬರೋ ಕಾಯಿಲೆನ ಇವತ್ತೇ ಓದ್ತಾಳೆ. ನಾವು ನಾಳೆ ಪೇಪರನ್ನ ಇವತ್ತೇ ಅಚ್ಚು ಹಾಕ್ತೀವಿ. ಮನೆ ಮಂದಿಯೆಲ್ಲ ಒಂದೇ ಕಸುಬು ಬಿಡು" ಎಂದ.

ನಿಮ್ಮಮ್ಮ ಈಗಲೇ ಯಾರಿಗೂ ಹೇಳುವುದು ಬೇಡ ಎಂದು ನನ್ನ ಬಾಯಿಗೆ ಬೀಗ ಹಾಕಿದಳು. ಆಮೇಲೆ ಚೀಲ ಹಿಡಿದು ತರಕಾರಿಗೆ ಹೋದವಳು ಏಳು ಮನೆಗೆ ಹೇಳಿ, ತರಕಾರಿ ತರುವುದನ್ನು ಮರೆತು ಬಂದಳು.

ನನಗೆ ಇನ್ನೊಂದು ಬೇಕು. ಕಾಗದದ ರೀಲು ಎಲ್ಲಿ ಏರುತ್ತದೆ, ಎಲ್ಲೆಲ್ಲಿ ಹಾದು ಎಲ್ಲಿ ಮಡಚಿ ಬೀಳುತ್ತದೆ ಎಂಬುದನ್ನು ಹೊಸಬರಿಗೆ ನಾವು ಚಿತ್ರ ಬರೆದು ತೋರಿಸುತ್ತೇವೆ. ಹಾಗೆ ನಿನ್ನ ಕೆಲಸದ ಚಿತ್ರ ಬರೆದು ಕಳಿಸು. ರೋಗಿಯ ಕೈಯಿಂದ ಹೊರಟ ರಕ್ತ ನಿನ್ನ ಅಂಕಿಯಾಗುವ ತನಕ. ಗೋಡೆಗೆ ಅಂಟಿಸಬೇಕು.

ಅಪ್ಪ


ಮಾರ್ಚ್ 6

ಅಪ್ಪಾ,

ಚಿತ್ರ ಜೊತೆಗಿದೆ. ಬಾಣದ ಗುರುತು ಹಿಡಿದು ಹೋಗು.

ಬೆಳಿಗ್ಗೆ ಆಪರೇಷನ್ ಪಟ್ಟಿ ಬಂದ ಕೂಡಲೇ ನಮ್ಮ ಲ್ಯಾಬಿನ ಗುಮಾಸ್ತರು ಪ್ರತಿ ರೋಗಿಗೆ ನಾಲ್ಕು ಲೇಬಲ್ ಅಚ್ಚು ಮಾಡುತ್ತಾರೆ: ಆಪರೇಷನ್ನಿಗೆ ಮುಂಚೆ, ಮುಗಿದ ಒಂದನೇ ಗಂಟೆ, ಆರನೇ ಗಂಟೆ, ಮರುದಿನ. ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುವಂತಿದ್ದರೆ ಆರನೇ ಗಂಟೆಯ ಲೇಬಲ್ಲಿನ ಮೇಲೆ ಸಂಜೆ 6.00 ಎಂದಿರುತ್ತದೆ. ಆಪರೇಷನ್ ತಡವಾದರೆ ಹೊಸ ಲೇಬಲ್ ಬರುತ್ತದೆ. ಅಂಟಿಸಿದ ಟ್ಯೂಬುಗಳು ಐಸಿಯುಗೆ ಹೋಗುತ್ತವೆ. ಸಿಸ್ಟರ್ ರಕ್ತ ತೆಗೆದು ಕಳಿಸುತ್ತಾರೆ. ನಾವು ಅದನ್ನು ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಿಳಿಯನ್ನು ಬೇರೆ ಮಾಡಿ, ಫ್ರೀಜರಿನಲ್ಲಿಟ್ಟು, ವಾರಕ್ಕೊಮ್ಮೆ ಒಟ್ಟಿಗೆ ಅಳೆಯುತ್ತೇವೆ. ಕಂಪ್ಯೂಟರು ಲೇಬಲ್ಲನ್ನೇ ಓದಿ ಸಮಯ, ಅಂಕಿ ಎರಡನ್ನೂ ಪಟ್ಟಿಗೆ ಸೇರಿಸುತ್ತದೆ.

ನಾನು ಈ ಲ್ಯಾಬಿಗೆ ಬಂದಾಗ ಎಲ್ಲ ಕೈಬರಹ. ಏಳೋ ಒಂದೋ ಗೊತ್ತಾಗುತ್ತಿರಲಿಲ್ಲ. ಈ ಅಚ್ಚಿನ ಲೇಬಲ್ಲಿನ ಏರ್ಪಾಡು ನನ್ನದೇ. ಈಗ ಎಲ್ಲಿಯೂ ಒಂದು ಪೆನ್ನಿನ ಗೀರಿಲ್ಲ. ನೋಡಲು ಬಂದವರೆಲ್ಲ ಮೊದಲು ಮೆಚ್ಚುವುದು ಅದನ್ನೇ.

ನಿನ್ನ ಮಗಳು


ಮಾರ್ಚ್ 17

ಮಗಳೇ,

ಚಿತ್ರ ಗೋಡೆಗೇರಿದೆ. ಟೀ ಕುಡಿಯುವಾಗಲೆಲ್ಲ ಅದನ್ನೇ ನೋಡುತ್ತೇನೆ. ಒಂದು ಬಾಣದ ಹತ್ತಿರ ನಿಲ್ಲುತ್ತೇನೆ. ದಡ್ಡ ಪ್ರಶ್ನೆಯಾದರೆ ನಕ್ಕು ಬಿಡು.

ದೂರದ ಊರುಗಳಿಗೆ ಹೋಗುವ ಮೊದಲ ಆವೃತ್ತಿಯನ್ನು ನಾವು ಡಾಕ್ ಎನ್ನುತ್ತೇವೆ. ಅದು ಸಂಜೆಯೇ ಅಚ್ಚಾಗುತ್ತದೆ. ತಲೆಯ ಮೇಲೆ ಇರುವುದು ನಾಳೆಯ ದಿನಾಂಕ. ಒಮ್ಮೆ ಸೇತುವೆಯೊಂದರ ಉದ್ಘಾಟನೆ ಆ ಸಂಜೆ ಆರಕ್ಕೆ ಇತ್ತು. ಡಾಕ್ ಐದಕ್ಕೇ ಯಂತ್ರ ಏರಬೇಕು. ಸುದ್ದಿಮನೆಯವರು "ನಿನ್ನೆ ಉದ್ಘಾಟನೆಯಾಯಿತು" ಎಂದು ಬರೆದು ಕೊಟ್ಟರು. ಅತಿಥಿಗಳ ಕಾರು ದಾರಿಯಲ್ಲಿ ಕೆಟ್ಟು ಕಾರ್ಯಕ್ರಮವೇ ನಡೆಯಲಿಲ್ಲ. ಆಗದ ಉದ್ಘಾಟನೆಗೆ ದಿನಾಂಕ ಹಾಕಿ ಹನ್ನೊಂದು ಸಾವಿರ ಪ್ರತಿ ಕಳಿಸಿದೆವು. ಅಚ್ಚು ಮಾತ್ರ ಬಹಳ ಸ್ವಚ್ಛವಾಗಿ ಬಂದಿತ್ತು.

ನಿನ್ನ ಲೇಬಲ್ ಬೆಳಿಗ್ಗೆಯೇ ಅಚ್ಚಾಗುತ್ತದೆ. ಅದರ ಮೇಲೆ ಸಂಜೆ ಆರು ಎಂದಿದೆ. ಸಂಜೆ ಆರಕ್ಕೇ ರಕ್ತ ತೆಗೆದರೆಂದು ನಿನಗೆ ಹೇಳುವವರು ಯಾರು?

ಅಪ್ಪ


ಏಪ್ರಿಲ್ 2

ಅಪ್ಪಾ,

ಪತ್ರ ತಲುಪಿತು. ಆಸ್ಪತ್ರೆ ಪತ್ರಿಕಾ ಕಚೇರಿಯಲ್ಲ. ಇಲ್ಲಿನ ಸಿಸ್ಟರುಗಳಿಗೆ ತರಬೇತಿ ಇದೆ. ನಮ್ಮ ಪ್ರಬಂಧವನ್ನು ಮೂವರು ತಜ್ಞರು ಓದಿ ಒಪ್ಪಿದ್ದಾರೆ. ಸಮ್ಮೇಳನದ ಕಾರ್ಯಕ್ರಮ ಪಟ್ಟಿ ಅಚ್ಚಿಗೆ ಹೋಗಿದೆ.

ಅಮ್ಮ ಮೊಣಕಾಲಿನ ಮಾತ್ರೆಯನ್ನು ಊಟದ ನಂತರವೇ ತೆಗೆದುಕೊಳ್ಳಬೇಕು.

ಮಗಳು


ಏಪ್ರಿಲ್ 13

ಮಗಳೇ,

ಮಾತ್ರೆಯನ್ನು ಊಟದ ನಂತರವೇ ಕೊಡುತ್ತಿದ್ದೇನೆ. ಬಚ್ಚಲಿನ ನಲ್ಲಿ ಸೋರುತ್ತಿತ್ತು, ವಾಷರ್ ಬದಲಿಸಿದೆ. ಕೆಲಸದಲ್ಲಿ ಅಚ್ಚಿನ ಪ್ಲೇಟ್ ಮಾಡುವ ಹೊಸ ಯಂತ್ರ ಬಂದಿದೆ. ಇನ್ನೇನೂ ವಿಶೇಷವಿಲ್ಲ.

ಅಪ್ಪ

ಇದು ಅಮ್ಮ ಬರೆಯುತ್ತಿರುವುದು. ಮೇಲಿನ ನಾಲ್ಕು ಸಾಲು ಬರೆಯಲು ನಿಮ್ಮಪ್ಪನಿಗೆ ಎರಡು ಭಾನುವಾರ ಬೇಕಾಯಿತು. ಮೂರು ಹಾಳೆ ಹರಿದು ಹಾಕಿದರು. ನಲ್ಲಿ ಸೋರುತ್ತಲೇ ಇರಲಿಲ್ಲ, ಸುಮ್ಮನೆ ಬಿಚ್ಚಿ ಕೂತಿದ್ದರು. ಏನು ಬರೆದೆ ನೀನು ಅವರಿಗೆ?


ಮೇ 5

ಅಪ್ಪಾ,

ಕಳೆದ ಪತ್ರವನ್ನು ನಾನು ಸಿಟ್ಟಿನಲ್ಲಿ ಬರೆದೆ. ನಿನ್ನ ಪ್ರಶ್ನೆ ದಡ್ಡ ಪ್ರಶ್ನೆಯಾಗಿದ್ದರೆ ಸಿಟ್ಟು ಬರುತ್ತಿರಲಿಲ್ಲ.

ಅಮ್ಮನ ಸಾಲುಗಳನ್ನು ಓದಿದ ಸಂಜೆಯೇ ಐಸಿಯುಗೆ ಹೋಗಿ ಒಂದು ಮಂಚದ ಪಕ್ಕ ನಿಂತೆ. ಟ್ಯೂಬಿನ ಮೇಲೆ 6.00 ಎಂದಿತ್ತು. ಆರಾಯಿತು, ಏಳಾಯಿತು. ರೋಗಿ ಆರಾಮವಾಗಿದ್ದರು. ಪಾಳಿ ಬದಲಾಗುವ ಹೊತ್ತಿಗೆ, ಎಂಟೂ ಹತ್ತಕ್ಕೆ, ಸಿಸ್ಟರ್ ಬೇರೆ ಪರೀಕ್ಷೆಗಳ ಜೊತೆಗೆ ನಮ್ಮ ಟ್ಯೂಬಿಗೂ ರಕ್ತ ತುಂಬಿದರು. ಆಚೆ ಮಂಚದವರ ಸ್ಥಿತಿ ಅಷ್ಟು ಚೆನ್ನಾಗಿರಲಿಲ್ಲ. ಅವರ ರಕ್ತವನ್ನು ಆರು ಗಂಟೆಗೆ ಸರಿಯಾಗಿ ತೆಗೆದಿದ್ದರು. ಎರಡು ಟ್ಯೂಬಿನ ಮೇಲೂ ಒಂದೇ ಸಮಯ.

ದೊಡ್ಡ ಸಿಸ್ಟರನ್ನು ಕೇಳಿದೆ. ಇಪ್ಪತ್ತೆರಡು ವರ್ಷದಿಂದ ಆ ಐಸಿಯುವನ್ನು ನಡೆಸುತ್ತಿರುವವರು ಅವರು. "ಆರಾಮಾಗಿ ಮಲಗಿರೋರ ಕೈಗೆ ಹಾಕಿರೋ ಲೈನ್ ಪದೇ ಪದೇ ಯಾಕಮ್ಮ ಬಿಚ್ಚೋದು? ಎಂಟಕ್ಕೆ ಹೇಗೂ ರಕ್ತ ತೆಗೀಲೇಬೇಕು, ಒಟ್ಟಿಗೇ ತೆಗೀತೀವಿ. ಸರಿ ಇಲ್ಲ ಅನ್ನಿಸಿದವರ ಹತ್ರ ನಾವು ಅಲ್ಲೇ ಇರ್ತೀವಿ, ಅವರದು ಸಮಯಕ್ಕೇ ಆಗುತ್ತೆ. ಟ್ಯೂಬ್ ಮೇಲೆ ಟೈಮ್ ನೀವೇ ಹಾಕಿ ಕಳಿಸಿರ್ತೀರಿ. ನಮ್ಮನ್ನ ಯಾರು ಕೇಳಿದ್ರು?" ಎಂದರು.

ಯಾರೂ ಕೇಳಿರಲಿಲ್ಲ. ಕೇಳಬೇಕಾದವಳು ನಾನು.

ರೋಗಿಯ ಮೈಯಿಂದ ಹೊರಬಂದ ಪ್ರತಿ ಹನಿಯನ್ನೂ ಸಿಸ್ಟರುಗಳು ತಮ್ಮ ಚಾರ್ಟಿನಲ್ಲಿ ಸಮಯದ ಸಮೇತ ಬರೆಯುತ್ತಾರೆ. ದಾಖಲೆ ಕೋಣೆಯಲ್ಲಿ ಕುಳಿತು ನೂರಿಪ್ಪತ್ತು ಚಾರ್ಟುಗಳನ್ನೂ ನೋಡಿದೆ. ಎಂಟು ದಿನ ಹಿಡಿಯಿತು. ಆರನೇ ಗಂಟೆಯ ನಲವತ್ತೇಳು ಟ್ಯೂಬುಗಳಲ್ಲಿ ರಕ್ತ ತುಂಬಿದ್ದು ಲೇಬಲ್ಲಿನ ಸಮಯಕ್ಕಿಂತ ಒಂದು ಗಂಟೆಗೂ ಹೆಚ್ಚು ತಡವಾಗಿ. ಆ ನಲವತ್ತೇಳರಲ್ಲಿ ನಲವತ್ತನಾಲ್ಕು ಆರಾಮವಾಗಿದ್ದವರವು. ನಾವು ಅಳೆಯುವ ವಸ್ತು ಎಂಟನೇ ಗಂಟೆಗೆ ಇಳಿಯತೊಡಗಿರುತ್ತದೆ. ಗಟ್ಟಿಯಾಗಿದ್ದವರ ಅಂಕಿ ಕಡಿಮೆ ಬಂದದ್ದು ಅವರು ಗಟ್ಟಿಯಾಗಿದ್ದಕ್ಕೋ, ತಡವಾಗಿ ತೆಗೆದದ್ದಕ್ಕೋ ಈಗ ಹೇಳುವಂತಿಲ್ಲ. ಯಾರು ಕೆಡುತ್ತಾರೆಂದು ಸಿಸ್ಟರುಗಳ ಕಣ್ಣಿಗೆ ಮೊದಲೇ ಕಂಡಿತ್ತು. ಆ ಕಣ್ಣನ್ನೇ ಅಳೆದು, ರಕ್ತವನ್ನು ಅಳೆದೆ ಎಂದುಕೊಂಡಿದ್ದೆ.

ಕಾಗದಗಳನ್ನು ಹಿಡಿದು ದೊಡ್ಡವರ ಕೋಣೆಗೆ ಹೋದೆ. ಸಮ್ಮೇಳನಕ್ಕೆ ಐದು ವಾರ ಇತ್ತು. ಬಹಳ ಹೊತ್ತು ನೋಡಿ, "ಇದು ಇನ್ಯಾರಿಗೆ ಗೊತ್ತು?" ಎಂದರು. ಮುಚ್ಚಿಡು ಎನ್ನುತ್ತಾರೆಂದುಕೊಂಡೆ.

"ದೊಡ್ಡ ಸಿಸ್ಟರ್‌ಗೆ. ನಮ್ಮಪ್ಪನಿಗೆ ಮೊದಲೇ ಅನುಮಾನ ಇತ್ತು."

"ನಿಮ್ಮಪ್ಪ ಡಾಕ್ಟರಾ?"

"ಪೇಪರ್ ಆಫೀಸಲ್ಲಿ ಮೆಷಿನ್ ನೋಡ್ಕೋತಾರೆ."

ಅವರು ಫೋನ್ ಎತ್ತಿ ಸಮ್ಮೇಳನದ ಕಚೇರಿಗೆ ಮಾತಾಡಿ ನಮ್ಮ ಪ್ರಬಂಧವನ್ನು ವಾಪಸು ತೆಗೆದುಕೊಂಡರು. ಆಮೇಲೆ ಹೊಸ ನೂರು ರೋಗಿಗಳು, ಮೊದಲಿಂದ ಶುರು ಮಾಡು ಎಂದಷ್ಟೇ ಹೇಳಿ ಹೋಗಲು ಕೈ ತೋರಿಸಿದರು. ಇವತ್ತಿಗೆ ಆರು ದಿನ, ನನ್ನ ಹತ್ತಿರ ಮಾತಾಡಿಲ್ಲ.

ಗೋಡೆಯ ಮೇಲಿನ ಚಿತ್ರ ತೆಗೆದುಬಿಡು ಅಪ್ಪಾ.

ನಿನ್ನ ಮಗಳು


ಮೇ 15

ಮಗಳೇ,

ಚಿತ್ರ ತೆಗೆದಿಲ್ಲ. ನಿನ್ನ ಮೇ ಐದರ ಪತ್ರವನ್ನು ಅದರ ಪಕ್ಕದಲ್ಲೇ ಅಂಟಿಸಿದ್ದೇನೆ. ನಮ್ಮ ಮನೆ ಮಾತಿರುವ ಸಾಲುಗಳ ಮೇಲೆ ಮಾತ್ರ ಒಂದು ಪಟ್ಟಿ ಕಾಗದ ಹಚ್ಚಿದ್ದೇನೆ. "ಮಗಳ ತಪ್ಪನ್ನ ಯಾಕೋ ಊರಿಗೆಲ್ಲ ತೋರಿಸ್ತೀಯ?" ಎಂದು ಮಸಿಯಣ್ಣ ಬೈದ. ಪೂರ್ತಿ ಓದು ಎಂದೆ. ಓದಿದ. ಹೋಗುವಾಗ ಪತ್ರದ ಮೂಲೆ ಎದ್ದಿದ್ದನ್ನು ಒತ್ತಿ ಸರಿ ಮಾಡಿ ಹೋದ.

ಓಡುತ್ತಿರುವ ಯಂತ್ರವನ್ನು ಮೂವತ್ತೊಂದು ವರ್ಷದಲ್ಲಿ ನಾನು ನಾಲ್ಕು ಸಲ ನಿಲ್ಲಿಸಿದ್ದೇನೆ. ಒಮ್ಮೆ ಶ್ರದ್ಧಾಂಜಲಿಯ ಜಾಗದಲ್ಲಿ ಬದುಕಿದ್ದವರ ಫೋಟೋ ಬಂದಿತ್ತು. ಒಮ್ಮೆ ಪರೀಕ್ಷಾ ಫಲಿತಾಂಶದ ಪುಟ ಹಳೆಯ ವರ್ಷದ್ದು. ಇನ್ನೊಮ್ಮೆ ಜಾಹೀರಾತು ತಲೆಕೆಳಗಾಗಿತ್ತು. ನಾಲ್ಕನೇ ಸಲ ತಪ್ಪೇ ಇರಲಿಲ್ಲ, ನನ್ನ ಕನ್ನಡಕಕ್ಕೆ ಇಂಕು ಸಿಡಿದಿತ್ತು. ಯಂತ್ರ ನಿಂತಾಗ ಎಲ್ಲರೂ ನಮ್ಮ ಮುಖ ನೋಡುತ್ತಾರೆ. ಅಲ್ಲಿಂದ ಮ್ಯಾನೇಜರ ಕೋಣೆಗೆ ಒಬ್ಬನೇ ನಡೆಯಬೇಕು. ನಲವತ್ತು ಹೆಜ್ಜೆ. ಆ ಹೆಜ್ಜೆಗಳು ನನಗೆ ಗೊತ್ತು, ಆದರೆ ನಾನು ನಿಲ್ಲಿಸಿದ್ದು ಬೇರೆಯವರ ತಪ್ಪಿಗೆ. ನೀನು ನಿನ್ನದಕ್ಕೇ ನಿಲ್ಲಿಸಿದೆ.

ಹತ್ತಕ್ಕೆ ಒಂಬತ್ತು ಎಂದು ನೀನು ಬರೆದಾಗ ನನಗೆ ಸಂತೋಷವಾಗಿತ್ತು. ಈ ಸಲ ಆದದ್ದು ಸಂತೋಷವಲ್ಲ. ನಿನ್ನ ಪತ್ರ ಓದಿ ಮುಗಿಸಿ, ಅಂಗಿ ಬದಲಿಸಿ, ಕೆಲಸವಿಲ್ಲದಿದ್ದರೂ ಬೀದಿಯ ಕೊನೆಯವರೆಗೆ ನಡೆದು ಬಂದೆ. ನಾಲ್ಕು ಜನ ನನ್ನನ್ನು ನೋಡಲಿ ಎನ್ನಿಸಿತು.

ನೂರು ರೋಗಿ ಎಂದರೆ ಎಷ್ಟು ತಿಂಗಳು?

ಅಪ್ಪ


ಅಕ್ಟೋಬರ್ 18

ಅಪ್ಪಾ,

ಐದು ತಿಂಗಳು. ನೂರನೇ ಟ್ಯೂಬನ್ನು ಹಿಂದಿನ ವಾರ ಅಳೆದೆವು.

ಲೇಬಲ್ಲಿನಲ್ಲಿ ಈಗ ಸಮಯದ ಜಾಗ ಖಾಲಿ ಬಿಟ್ಟಿದ್ದೇವೆ. ರಕ್ತ ತೆಗೆದ ಸಿಸ್ಟರೇ ಗಡಿಯಾರ ನೋಡಿ ಪೆನ್ನಿನಲ್ಲಿ ಬರೆಯುತ್ತಾರೆ. ಮೊದಲ ದಿನವೇ ದೊಡ್ಡ ಸಿಸ್ಟರ್ ಒಂದು ಷರತ್ತು ಹಾಕಿದ್ದರು: ತಡವಾದರೆ ತಡವೆಂದೇ ಬರೆಯುತ್ತೇವೆ, ಅದಕ್ಕೆ ನಮ್ಮನ್ನು ಬೈಯಬಾರದು. ಒಪ್ಪಿದೆ. ತಡವೆಂದು ಬರೆದದ್ದು ಆರು ಮಾತ್ರ. ಅವನ್ನು ಬಿಟ್ಟು ಬೇರೆ ಆರು ಜನರನ್ನು ಸೇರಿಸಿಕೊಂಡೆವು.

ಈಗ ಅಂಕಿ ಕೇಳು. ತೊಂದರೆಯಾದವರು ಹದಿನೇಳು ಜನ. ಆರನೇ ಗಂಟೆಯ ರಕ್ತ ಹಿಡಿದದ್ದು ಹನ್ನೆರಡು ಜನರನ್ನು. ಹತ್ತಕ್ಕೆ ಏಳು. ಏನೂ ಆಗದ ಒಂಬತ್ತು ಜನರ ಬಗ್ಗೆಯೂ ಅಪಾಯವೆಂದು ಸುಮ್ಮನೆ ಕೂಗಿತು. ಹತ್ತಕ್ಕೆ ಒಂಬತ್ತಕ್ಕಿಂತ ಹತ್ತಕ್ಕೆ ಏಳು ಚಿಕ್ಕದು. ಆದರೆ ಈ ಏಳನ್ನು ಯಾರು ಎಷ್ಟು ಅಲ್ಲಾಡಿಸಿದರೂ ಬೀಳುವುದಿಲ್ಲ.

ಫಲಿತಾಂಶ ನೋಡಿದ ದೊಡ್ಡವರು ಇನ್ನು ಮೇಲೆ ಅಂಕಿಯನ್ನು ಅಂದಂದೇ ಅಳೆದು ಐಸಿಯುಗೆ ತಿಳಿಸಿ ಎಂದರು. ಮೊದಲ ದಿನ ಬಂದವರು ಒಬ್ಬ ಬಸ್ ಕಂಡಕ್ಟರ್. ಸಂಜೆ ಎಚ್ಚರವಾದ ಮೇಲೆ, ಹತ್ತಿರ ಬಂದವರನ್ನೆಲ್ಲ ಎಲ್ಲಿಗೆ ಎಂದು ಕೇಳುತ್ತಿದ್ದರು. ಅವರ ಅಂಕಿ ಬಹಳ ಮೇಲಿತ್ತು. ದೊಡ್ಡ ಸಿಸ್ಟರ್ ಹೋಗಿ ಕೈಕಾಲು ಮುಟ್ಟಿ ನೋಡಿ, "ಇವರಿಗೇನೂ ಆಗಲ್ಲ ಬಿಡಮ್ಮ" ಎಂದರು. ಮರುದಿನ ಬೆಳಿಗ್ಗೆ ವಾರ್ಡಿಗೆ ಕಳಿಸಬೇಕಿತ್ತು. ಅಂಕಿಯನ್ನು ನಂಬಿ ಐಸಿಯುವಿನಲ್ಲೇ ಇಟ್ಟುಕೊಂಡೆವು. ಮಧ್ಯಾಹ್ನ ಹನ್ನೆರಡೂವರೆಗೆ ಬಿಪಿ ಕುಸಿಯಿತು. ಔಷಧಿ ಮಂಚದ ಪಕ್ಕದಲ್ಲೇ ಸಿದ್ಧವಿತ್ತು, ಲೈನ್ ಇತ್ತು, ಜನ ಇದ್ದರು. ನಾಲ್ಕು ದಿನ ಕಷ್ಟಪಟ್ಟರು. ನಿನ್ನೆ ಲಿಫ್ಟಿನವರೆಗೆ ನಡೆದು ಹೋಗಿ ಬಂದರು.

ದೊಡ್ಡ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ಈ ಸಲ ನಿನ್ನ ಟ್ಯೂಬ್‌ಗೆ ನನಗಿಂತ ಮುಂಚೆ ಗೊತ್ತಾಯ್ತು" ಎಂದರು. ನನಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾರೂ ಕೊಡಲಾರರು.

ನವೆಂಬರ್ 20ಕ್ಕೆ ಇಲ್ಲೇ ತಜ್ಞರ ಸಭೆ ಇದೆ. ಓದುವವಳು ನಾನು. ಹಳೆಯ ಒಂಬತ್ತನ್ನೂ ಹೊಸ ಏಳನ್ನೂ ಎರಡನ್ನೂ ತೋರಿಸು ಎಂದು ದೊಡ್ಡವರೇ ಹೇಳಿದ್ದಾರೆ. ಅಮ್ಮನ ಮೊಣಕಾಲಿಗೆ ಬಸ್ಸು ಕಷ್ಟ. ನೀನು ಬಾ. ಮಾತು ಕೇಳಿಸದಿದ್ದರೂ ಪರದೆಯ ಮೇಲೆ ಅಂಕಿ ಇರುತ್ತದೆ.

ನಿನ್ನ ಮಗಳು


ನವೆಂಬರ್ 24

ಮಗಳೇ,

ಮನೆ ಸೇರಿದೆ. ಹೊರಡುವ ಗಡಿಬಿಡಿಯಲ್ಲಿ ನಿನ್ನ ಹತ್ತಿರ ಸರಿಯಾಗಿ ಮಾತಾಡಲಾಗಲಿಲ್ಲ. ಬಸ್ಸು ಇನ್ನೈದು ನಿಮಿಷ ಕಾಯುವುದಿಲ್ಲ ಎಂದು ನೀನು ಕೈಸನ್ನೆ ಮಾಡಿದ್ದು ಮಾತ್ರ ಗೊತ್ತಾಯಿತು. ಬಂದಾಗಿನಿಂದ ನಿಮ್ಮಮ್ಮ ಒಂದೊಂದೇ ಕೇಳುತ್ತಿದ್ದಾಳೆ. ಕಂಡದ್ದನ್ನೆಲ್ಲ ಹೇಳಿದ್ದೇನೆ.

ಕೊನೆಯ ಸಾಲಿನಲ್ಲಿ ಕುಳಿತೆ. ನನ್ನ ಮುಂದೆ ಇನ್ನೂರು ತಲೆ ಇದ್ದವು. ನೀನು ಮೊದಲು ಹತ್ತಕ್ಕೆ ಒಂಬತ್ತು ತೋರಿಸಿದಾಗ ಯಾರೂ ಅಲ್ಲಾಡಲಿಲ್ಲ. ಆಮೇಲೆ ಅದರ ಮೇಲೆ ಅಡ್ಡಗೀಟು ಎಳೆದು, ನಲವತ್ತೇಳು ಟ್ಯೂಬುಗಳ ಪಟ್ಟಿ ಹಾಕಿದೆ. ಆಗ ಒಬ್ಬೊಬ್ಬರೇ ಜೇಬಿನಿಂದ ಪೆನ್ನು ತೆಗೆದರು. ನಾನು ಎಣಿಸಿದೆ, ನನ್ನ ಎದುರಿನ ಎರಡು ಸಾಲಿನಲ್ಲೇ ಹದಿನಾಲ್ಕು ಪೆನ್ನು. ತಮ್ಮ ತಮ್ಮ ಆಸ್ಪತ್ರೆಗೆ ಹೋಗಿ ಲೇಬಲ್ ನೋಡುವವರ ಹಾಗೆ ಬರೆದುಕೊಳ್ಳುತ್ತಿದ್ದರು. ಪಕ್ಕದವರ ತೋಳು ತಟ್ಟಿ, ನಿನ್ನನ್ನು ತೋರಿಸಿ, ನನ್ನ ಎದೆ ಮುಟ್ಟಿ ತೋರಿಸಿದೆ. ಅವರು ಎದ್ದು ಕೈ ಕುಲುಕಿದರು.

ಒಂದು ಮಾತ್ರ ಅರ್ಥವಾಗಲಿಲ್ಲ. ಕೊನೆಯಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ಎದ್ದು ಏನೋ ಕೇಳಿದರು. ನೀನು ಉತ್ತರ ಕೊಟ್ಟೆ. ಕೂಡಲೇ ಸಭೆಯೇ ಹಿಂದಕ್ಕೆ ತಿರುಗಿತು. ಯಾರೋ ದೊಡ್ಡ ಮನುಷ್ಯರು ಬಂದರೆಂದು ನಾನೂ ಎದ್ದು ತಿರುಗಿದೆ. ಬಾಗಿಲ ಹತ್ತಿರ ನೀರಿನ ಕ್ಯಾನ್ ಇತ್ತು, ಯಾರೂ ಕಾಣಿಸಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನೊಬ್ಬ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ನಾನೂ ತಟ್ಟಿದೆ.

ಬಂದವರು ಯಾರು? ನಿಮ್ಮಮ್ಮ ಕೇಳುತ್ತಿದ್ದಾಳೆ.

ಅಪ್ಪ


ಡಿಸೆಂಬರ್ 1

ಅಪ್ಪಾ,

ಆ ಹಿರಿಯರು ಕೇಳಿದ್ದು ಇದು: "ನೂರಿಪ್ಪತ್ತು ಲೇಬಲ್ ಅಷ್ಟು ಚೆನ್ನಾಗಿ ಅಚ್ಚಾಗಿರುವಾಗ, ಅದರ ಸಮಯ ಸುಳ್ಳಿರಬಹುದು ಅಂತ ನಿಮಗೆ ಹೊಳೆದದ್ದು ಹೇಗೆ?"

ನಾನು ಹೇಳಿದೆ: "ನನಗೆ ಹೊಳೀಲಿಲ್ಲ. ನಮ್ಮಪ್ಪನಿಗೆ ಹೊಳೀತು. ಅವರು ಪೇಪರ್ ಅಚ್ಚು ಹಾಕ್ತಾರೆ. ಕೊನೇ ಸಾಲಲ್ಲಿ, ನೀಲಿ ಅಂಗಿ."

ಬಾಗಿಲಲ್ಲಿ ಯಾರೂ ಬಂದಿರಲಿಲ್ಲ ಎಂದು ಅಮ್ಮನಿಗೆ ಹೇಳು.

ನಿನ್ನ ಮಗಳು